ಮುನ್ನೂರ ಒಂದು ಅಡ್ಡಪಟ್ಟಿಗಳು

ಹಲೋ… ಯಾರು ಮಾತಾಡ್ತಿರೋದು? ದೊಡ್ಡಮ್ಮನಾ? ಹಾಂ, ನಾನೇ. ಊಟ ಆಯ್ತು. ಇಲ್ಲ, ಸೊರಗಿಲ್ಲ, ಹಾಗೇ ಇದೀನಿ. ದೊಡ್ಡಪ್ಪನಿಗೆ ಫೋನ್ ಕೊಡಿ, ಅರ್ಜೆಂಟು…

ದೊಡ್ಡಪ್ಪಾ, ನಾನು ಕೊಟ್ಟ ಆರುನೂರು ಗ್ಯಾಲಕ್ಸಿ ಚಿತ್ರದಲ್ಲಿ, ನಡುವೆ ಬೆಳಕಿನ ಅಡ್ಡಪಟ್ಟಿ ಇರೋದು ಎಷ್ಟು?… ಮುನ್ನೂರ ಒಂದಾ? ಇನ್ನೊಂದ್ಸಲ ಹೇಳಿ… ಮುನ್ನೂರ ಒಂದು.

ಅಲ್ಲ, ಅವು ಆಕಾಶದ ಫೋಟೊ ಅಲ್ಲ. ಕಂಪ್ಯೂಟರಿನೊಳಗೆ ಒಂದು ವಿಶ್ವ ಬೆಳೆಸಿದೀವಿ, ಅದರವು… ಕೆಲಸ ಇಲ್ಲದೆ ಅಲ್ಲ ದೊಡ್ಡಪ್ಪ, ಅದೇ ನಮ್ಮ ಕೆಲಸ.

ನನ್ನ ಪ್ರೋಗ್ರಾಮ್ ಎಣಿಸಿದ್ದು ನೂರ ಇಪ್ಪತ್ತೆಂಟು. ನಿಜವಾದ ಆಕಾಶಕ್ಕಿಂತ ನಮ್ಮ ವಿಶ್ವದಲ್ಲಿ ಪಟ್ಟಿ ಕಡಿಮೆ ಅಂತ ಪಿಎಚ್.ಡಿ. ಪ್ರಬಂಧ ಪೂರ್ತಿ ಬರೆದಾಗಿದೆ. ಐದು ವರ್ಷ. ಇವತ್ತು ಸಂಜೆ ಐದಕ್ಕೆ ಸಲ್ಲಿಸಬೇಕು. ಇನ್ನೊಬ್ಬರ ಕಣ್ಣಿಗೂ ತೋರಿಸು ಅಂದ್ರು ಗೈಡು. ಮೂವತ್ತಾರು ವರ್ಷ ಎಕ್ಸ್‌ರೇ ತೆಗೆದವರು ಅಂತ ನಿಮಗೆ ಕೊಟ್ಟೆ. ನನ್ನ ಬುದ್ಧಿಗಿಷ್ಟು…

ಗ್ಯಾಲಕ್ಸಿ ತಟ್ಟೆ ಇದ್ದ ಹಾಗೆ, ಪಕ್ಕದಿಂದ ನೋಡಿದ್ರೆ ಪಟ್ಟಿ ಥರಾನೇ ಕಾಣುತ್ತೆ, ಅವನ್ನೂ ಸೇರಿಸಿಬಿಟ್ರಾ?… ಬಿಟ್ಟಿದೀರಾ? ಅವುಗಳ ಮೇಲೆ ಏನು ಬರೆದ್ರಿ?… 'ರೋಗಿಯನ್ನು ತಿರುಗಿಸಿ ಮತ್ತೊಂದು ತೆಗೆಯಿರಿ.' ಹಾಂ. ಆಗಲಿ.

ನಾನೂರ ಹದಿನೇಳನೇ ಚಿತ್ರ ನೋಡಿ. ಪ್ರೋಗ್ರಾಮ್ ಇಲ್ಲ ಅಂತಿದೆ… ಇದೆಯಾ? ಎಲ್ಲಿ?… ನಟ್ಟನಡುವೆ, ಚಿಕ್ಕದು, ಓರೆಯಾಗಿ. ಭೂತಗನ್ನಡಿ ಹಿಡಿದ್ರಾ? ತಾಳಿ, ನಾನೂ ದೊಡ್ಡದು ಮಾಡಿ ನೋಡ್ತೀನಿ…

ದೊಡ್ಡಪ್ಪಾ… ಇದೆ.

ಪ್ರೋಗ್ರಾಮ್ ತೆಗೆದು ನೋಡ್ತಿದೀನಿ… ಇಲ್ಲಿದೆ. ಇಷ್ಟುದ್ದಕ್ಕಿಂತ ಚಿಕ್ಕದನ್ನ ಎಣಿಸಬೇಡ ಅಂತ ಪ್ರೋಗ್ರಾಮಿಗೆ ನಾನೇ ಹೇಳಿದ್ದೆ, ಮೊದಲನೇ ವರ್ಷ. ಆಮೇಲೆ ಮರೆತೇಬಿಟ್ಟೆ. ಪಟ್ಟಿ ಕಡಿಮೆ ಏನೂ ಇಲ್ಲ, ನಾನು ನೋಡಿಲ್ಲ ಅಷ್ಟೇ… ಅಳ್ತಿಲ್ಲ. ಮೂಗು ಕಟ್ಟಿದೆ.

ಏನು?… ನೀವು ಹಾಕಿದ ಉಳಿದ ಗುರುತೆಲ್ಲ ಅಳಿಸಿ ನೂರ ಇಪ್ಪತ್ತೆಂಟು ಮಾಡಿಕೊಡ್ತೀರಾ? ನೀವಾ? ಅಪ್ಪ ರಜೆಗೋಸ್ಕರ ಬೇರೆ ಯಾರದೋ ಮುರಿದ ಕೈಯ ಎಕ್ಸ್‌ರೇ ಕೇಳಿದ್ರು ಅಂತ ಸ್ವಂತ ತಮ್ಮನ ಹತ್ರ ಎರಡು ವರ್ಷ ಮಾತು ಬಿಟ್ಟಿದ್ರಿ, ಅಲ್ವಾ?… ನನಗೋಸ್ಕರ ಅಂತೀರಾ…

ಬೇಡ ದೊಡ್ಡಪ್ಪ. ನಿಮ್ಮ ಕೈಲಿ ಇದನ್ನ ಮಾಡಿಸಿದ್ರೆ ನನಗೆ ಊಟ ಸೇರಲ್ಲ. ಇವತ್ತು ಸಲ್ಲಿಸಲ್ಲ. ಗೈಡಿಗೆ ನಾನೇ ಹೇಳ್ತೀನಿ, ಬೈಸ್ಕೋತೀನಿ. ಆ ಮುನ್ನೂರ ಒಂದೂ ಹಾಗೇ ಬೇಕು ನನಗೆ.

ಅದೇನು ಉಜ್ಜೋ ಸದ್ದು?… ಪೆನ್ಸಿಲಲ್ಲಿ ಬರೆದಿದ್ರಾ? ದೊಡ್ಡಪ್ಪಾ, ರಬ್ಬರ್ ಕೆಳಗಿಡಿ. ಎಷ್ಟನೇದಕ್ಕೆ ಬಂದಿದೀರಿ?… ದೊಡ್ಡಮ್ಮಾ, ಅವರ ಕೈ ಹಿಡ್ಕೊಳ್ಳಿ… ಹಲೋ? ದೊಡ್ಡಪ್ಪಾ? ಹಲೋ…