ಬಿಟ್ಟು ಓದಿದ ಎರಡು ಸಾಲು

ಮಾನ್ಯ ಅಧ್ಯಕ್ಷರೇ, ನಮ್ಮ ಸಭಾಪಾಲಕರೇ, ಹಿರಿಯರ ಮಂಡಳಿಗೆ ಇಂದು ಸೇರುತ್ತಿರುವ ಮೂವರೇ, ಬಿಸಿಲನ್ನೂ ಲೆಕ್ಕಿಸದೆ ಬಂದಿರುವ ಸಭಿಕರೇ,

ಇಪ್ಪತ್ತಾರು ವರ್ಷ ಈ ಚರ್ಚಿನ ಮಂಡಳಿಯ ಕಾರ್ಯದರ್ಶಿಯಾಗಿದ್ದ ನನ್ನನ್ನು ಬೀಳ್ಕೊಡುತ್ತಾ, "ಸತ್ಯವೇದ ಬಿಟ್ಟು ಒಂದು ನಿರ್ಣಯವನ್ನೂ ಬರೆಯದವರು" ಎಂದಿರಿ. ಯಾರಪ್ಪ ಅವರು ಎಂದು ನಾನೇ ಅತ್ತಿತ್ತ ನೋಡಿದೆ. ಅಂಥದ್ದೊಂದನ್ನು ಬರೆದಿದ್ದೇನೆ.

ನನ್ನ ಅಣ್ಣ ಬಡಗಿ. ನೀವು ಕುಳಿತಿರುವ ಬೆಂಚುಗಳು ಅವನ ಕೈಯವು. ಅಮ್ಮನ ಒಂದು ಬೀರುವಿನ ಮಾತಿಗೆ ನಾವಿಬ್ಬರೂ ನಾಲ್ಕು ವರ್ಷ ಮಾತು ಬಿಟ್ಟಿದ್ದೆವು. ಬೀರು ಇಬ್ಬರಿಗೂ ಬೇಕಿರಲಿಲ್ಲ, ಬೇಕಾಗಿದ್ದುದು ಗೆಲುವು. ಆ ದಿನಗಳಲ್ಲೇ ಅತ್ತಿಗೆ ಹಾಸಿಗೆ ಹಿಡಿದರು. ನನಗೆ ಒಂಬತ್ತು ವರ್ಷವಾಗಿದ್ದಾಗ ಮನೆಗೆ ಬಂದವರು. ಜ್ವರ ಬಂದರೆ ನನ್ನ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದರು. ಅರೆನಿದ್ದೆಯಲ್ಲಿ ಆ ಕೈ ಎಲ್ಲಿಂದಲೋ ತೇಲಿ ಬಂದಂತೆ... ಕ್ಷಮಿಸಿ, ನಿರ್ಣಯದ ಮಾತಿಗೆ ಬರುತ್ತೇನೆ.

ಅವರ ಶವಸಂಸ್ಕಾರದ ದಿನ ಆಗಿನ ಸಭಾಪಾಲಕರು, "ಈ ಸಹೋದರಿ ಸಮಾಧಾನದಿಂದ ಕಣ್ಮುಚ್ಚಿದರು" ಎಂದರು. ಅಣ್ಣ ಎದ್ದ. "ಸುಳ್ಳು!" ಎಂದು ಕೂಗಿ, ಪಾಲಕರ ಕೈಯಲ್ಲಿದ್ದ ಸತ್ಯವೇದವನ್ನು ಕಿತ್ತು ನೆಲಕ್ಕೆ ಎಸೆದ.

ಇಂಥದ್ದನ್ನು ಸಭೆ ಸುಮ್ಮನೆ ಬಿಡಬಹುದೇ? ಬಿಡಬಾರದು. ಮುಂದಿನ ತಿಂಗಳ ಸಭೆಯಲ್ಲಿ ನಾನೇ ಸತ್ಯವೇದದ ವಾಕ್ಯ ಓದಿದೆ: ಸಭೆಯ ಮಾತನ್ನೂ ಕೇಳದವನನ್ನು ಹೊರಗಿನವನೆಂದು ಎಣಿಸಬೇಕು. ಕೈಗಳು ಎದ್ದವು. ಅಣ್ಣನನ್ನು ಸಭೆಯಿಂದಲೂ ಕರ್ತನ ಮೇಜಿನ ರೊಟ್ಟಿ-ದ್ರಾಕ್ಷಾರಸದಿಂದಲೂ ಹೊರಗಿಟ್ಟೆವು. ಅಕ್ಷರ ದುಂಡಗೆ ಬರೆದೆ.

ಆಗ ಹಿಂದಿನ ಬೆಂಚಿನಿಂದ ಸೂಲಗಿತ್ತಿ ಅಜ್ಜಿ ಎದ್ದು ನಿಂತರು. ನಮ್ಮಲ್ಲಿ ಅರ್ಧ ಜನರನ್ನು ಭೂಮಿಗೆ ತಂದವರು. ಅವರನ್ನು ಕೂರಿಸುವ ಧೈರ್ಯ ಯಾರಿಗಿತ್ತು?

"ಓದಿದ್ದೇನೋ ಸರಿ ಕಣಪ್ಪ. ಮೇಲಿನ ಎರಡು ಸಾಲು ಎಲ್ಲಿ ಬಿಟ್ಟೆ? ಮೊದಲು ಒಬ್ಬನೇ ಹೋಗಿ ಮಾತಾಡು ಅಂತಿದೆ. ಕೇಳದಿದ್ರೆ ಇಬ್ಬರನ್ನ ಕರ್ಕೊಂಡು ಹೋಗು ಅಂತಿದೆ. ಸಭೆ ಆಮೇಲೆ. ನೀನು ಹೋಗಿದ್ಯಾ?"

ಹೋಗಿರಲಿಲ್ಲ. ಯಾರೂ ಹೋಗಿರಲಿಲ್ಲ.

ಮರುದಿನ ಮಧ್ಯಾಹ್ನ ಅಣ್ಣನ ಮರಗೆಲಸದ ಮನೆಗೆ ಹೋದೆ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಮರದ ಹುಡಿ ನಿಧಾನಕ್ಕೆ ತೇಲುತ್ತಿತ್ತು. ಅದರ ನಡುವೆ ಅಣ್ಣ ನೀರೊಳಗೆ ನಿಂತವನಂತೆ ಹಲಗೆ ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ.

"ತಪ್ಪು ತೋರಿಸೋಕೆ ಬಂದ್ಯಾ?"

"ಹೂಂ ಅಣ್ಣ."

"ಪುಸ್ತಕ ಎಸೆದದ್ದು ತಪ್ಪೇ. ಎಲ್ಲರ ಮುಂದೆ ಒಪ್ಕೋತೀನಿ. ಆದ್ರೆ ಸಮಾಧಾನ ಅಂದದ್ದು ಸುಳ್ಳು ಕಣೋ. ಮೂರು ತಿಂಗಳು ನರಳಿದ್ಲು. ಸಭೆಯಿಂದ ಒಬ್ಬ ಬರಲಿಲ್ಲ. ಬಾಗಿಲು ಸದ್ದಾದಾಗೆಲ್ಲ 'ಮೈದುನ ಬಂದನಾ' ಅಂತಿದ್ಲು."

ನಾನು ಆ ಮರದ ಹುಡಿಯ ಮೇಲೇ ಕುಳಿತೆ. ಅವನ ಕೈ ನನ್ನ ಹೆಗಲ ಮೇಲೆ ಬಂದಾಗ ಬಿಸಿಲು ಎದುರಿನ ಗೋಡೆಗೆ ಹೋಗಿತ್ತು.

ಆ ಭಾನುವಾರ ಅಣ್ಣ ಸಭೆಯ ಮುಂದೆ ನಿಂತು ಕ್ಷಮೆ ಕೇಳಿದ. ಪಾಲಕರು ಇಳಿದು ಬಂದು ಅವನ ಕ್ಷಮೆ ಕೇಳಿದರು. ನಾನು ನಿರ್ಣಯವನ್ನು ಹಿಂದಕ್ಕೆ ಪಡೆಯಬೇಕೆಂದೂ, ವಾಕ್ಯವನ್ನು ಅರ್ಧ ಓದಿದ ನನ್ನನ್ನು ಶಿಸ್ತಿಗೆ ಒಳಪಡಿಸಬೇಕೆಂದೂ ಕೋರಿದೆ. ಒಂದು ವರ್ಷ ನನ್ನನ್ನು ಮಂಡಳಿಯಿಂದ ಇಳಿಸಿದಿರಿ. ನಿಮ್ಮಲ್ಲಿ ಹಲವರಿಗೆ ಇದು ನೆನಪಿದೆ. ಇಂದಿನ ಹೊಗಳಿಕೆಯಲ್ಲಿ ಮಾತ್ರ ಮರೆತಿರಿ! ಆ ವರ್ಷ ಅಣ್ಣನ ಪಕ್ಕದಲ್ಲಿ ಕುಳಿತು ವಾಕ್ಯ ಕೇಳಿದೆ. ಅಷ್ಟು ಚೆನ್ನಾಗಿ ಎಂದೂ ಕೇಳಿರಲಿಲ್ಲ.

ಹೊಸ ಹಿರಿಯರೇ, ಆ ಪುಸ್ತಕ ನಮ್ಮ ಕೈಯಲ್ಲಿರುವ ಕೋಲಲ್ಲ. ನಮ್ಮ ತಲೆಯ ಮೇಲೂ ಇರುವ ಮಾತು. ಅಣ್ಣನ ಬಾಗಿಲು ನಾನು ತಡವಾಗಿ ತಟ್ಟಿದರೂ ತೆರೆಯಿತು. ಅತ್ತಿಗೆಯದು ತೆರೆಯುವುದಿಲ್ಲ. ಕನಸಿನಲ್ಲಿ ಈಗಲೂ ಅವರು ಕೇಳುತ್ತಾರೆ, "ಬಂದ್ಯಾ?" ಎಂದು. ಬಂದೆ ಎನ್ನುವಷ್ಟರಲ್ಲಿ ಎಚ್ಚರವಾಗುತ್ತದೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ, ಅಂದು ನನ್ನನ್ನು ತಿದ್ದಿದಿರಿ. ಎರಡಕ್ಕೂ ನಾನು ಋಣಿ. ಎಲ್ಲರಿಗೂ ನಮಸ್ಕಾರ.