ಮೆಂತ್ಯ ಮೊಳೆಯದ ನೀರು

ವೇದಿಕೆಯ ಮೇಲಿರುವ ಸಂಘದ ಅಧ್ಯಕ್ಷ ಲೋಕನಾಥ ಅವರೇ, ಅತಿಥಿಗಳೇ, ಪುಣೆಯ ಟ್ರಾಫಿಕ್ ದಾಟಿ ಬಂದು ಕೂತಿರುವ ಸಹನಶೀಲ ಸಭಿಕರೇ,

ಈಗಷ್ಟೇ ಓದಿದ ಮಾನಪತ್ರದಲ್ಲಿ, ಆಸ್ಪತ್ರೆಯ ಕೊಳಚೆ ನೀರಿನಿಂದ ಔಷಧಿಯ ಅಂಶ ತೆಗೆಯುವ ಘಟಕವನ್ನು ಶ್ಯಾಮ ಅವರು, ಅಂದರೆ ನಾನು, ‘ಏಕಾಂಗಿಯಾಗಿ’ ಕಟ್ಟಿದರು ಎಂದಿದೆ. ಒಕ್ಕಣೆ ಸೊಗಸಾಗಿದೆ. ಸೊಗಸಾಗಿರದೆ ಏನು? ನಿಮ್ಮ ಕಾರ್ಯದರ್ಶಿಗಳು ಕೇಳಿದರೆಂದು ಬರೆದು ಕಳಿಸಿದವನು ನಾನೇ!

ನಾವು ತೆಗೆದುಕೊಂಡ ಔಷಧಿ ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಮೈಗೆ, ಒಂದಿಷ್ಟು ಮೋರಿಗೆ. ಸಾಮಾನ್ಯ ಶುದ್ಧೀಕರಣಕ್ಕೆ ಅದು ಜಗ್ಗುವುದಿಲ್ಲ. ಓಝೋನ್ ಹಾಯಿಸಿ, ನೇರಳಾತೀತ ಬೆಳಕು ಬಿಟ್ಟು ಅದನ್ನು ಒಡೆಯಬೇಕು. ಕಾತ್ರಜದ ಕಡೆಯ ಆಸ್ಪತ್ರೆಯೊಂದರಲ್ಲಿ ನಾವು ಮಾಡಿದ್ದು ಅದನ್ನೇ. ನನ್ನ ಹೆಂಡತಿ ನರ್ಮದಾ ಕೊನೆಯ ನಾಲ್ಕು ತಿಂಗಳು ಕ್ಯಾನ್ಸರಿನ ಔಷಧಿ ತೆಗೆದುಕೊಂಡದ್ದೂ ಅಲ್ಲೇ. ಅದೇ ಔಷಧಿ ಆ ನೀರಿನಲ್ಲಿತ್ತು. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಇರಲಿ.

ಒಂದು ದಿನ ಲ್ಯಾಬಿನಲ್ಲಿ ನೀರು ಪರೀಕ್ಷಿಸುವ ಯಂತ್ರ, ಔಷಧಿ ಸೊನ್ನೆ ಎಂದಿತು. ನಾನು ಅತ್ತುಬಿಟ್ಟೆ. ಅವಳ ವರ್ಷಾಂತಿಕದ ದಿನವೇ ಆ ನೀರನ್ನು ಆಸ್ಪತ್ರೆಯ ತೋಟಕ್ಕೆ ಬಿಡುವುದೆಂದು ಗೊತ್ತುಮಾಡಿದೆ. ಆಗ ನಮ್ಮ ಲ್ಯಾಬಿನ ಸಹಾಯಕಿ ಇಂದೂ ಅವರು ಎರಡು ತಟ್ಟೆ ತಂದಿಟ್ಟರು. ನಲ್ಲಿ ನೀರಿನಲ್ಲಿ ನೆನೆಸಿದ ಮೆಂತ್ಯ ಮೊಳೆತಿತ್ತು. ನನ್ನ ನೀರಿನಲ್ಲಿ ನೆನೆಸಿದ್ದು ನಾಲ್ಕು ದಿನವಾದರೂ ಒಂದು ಕಾಳೂ ಮೊಳೆತಿರಲಿಲ್ಲ.

“ಇದು ಲ್ಯಾಬ್ ಅದನೋ, ನಿಮ್ಮ ಅಡಗಿಮನಿನೋ?” ಎಂದು ಎಲ್ಲರೆದುರು ರೇಗಿದೆ.

“ಸರ, ಮಶೀನಿಗೆ ನೀವು ಕೇಳಿದ್ದಷ್ಟ ಕಾಣ್ತದ್ರಿ. ಮೆಂತೆಕಾಳಿಗೆ ಕೇಳದ್ದೂ ತಿಳೀತದ. ನರ್ಮದಾ ಅಕ್ಕಾರ ಹೆಸರಿನ್ಯಾಗ ಇಂಥಾ ನೀರು ಬಿಡಬ್ಯಾಡ್ರಿ,” ಎಂದರು.

ಅವರು ಹೇಳಿದ್ದೇ ಸರಿ. ಔಷಧಿ ಒಡೆದಿತ್ತು, ಒಡೆದ ಚೂರುಗಳು ಇನ್ನೂ ವಿಷವಾಗಿದ್ದವು. ಓಝೋನಿನ ಹೊತ್ತು ಹೆಚ್ಚಿಸಿ, ಇದ್ದಿಲಿನ ಪದರ ಸೇರಿಸಿ ಸರಿಪಡಿಸುವುದರಲ್ಲಿ ಏಳು ತಿಂಗಳು ಹೋಯಿತು. ವರ್ಷಾಂತಿಕ ಹಾಗೇ ದಾಟಿತು. ಕೊನೆಗೊಂದು ದಿನ ಮೆಂತ್ಯ ಮೊಳೆತ ತಟ್ಟೆಯನ್ನು ಮನೆಗೆ ಒಯ್ದು ನರ್ಮದಾಳ ಫೋಟೋದ ಮುಂದಿಟ್ಟೆ.

ಇಷ್ಟಾದರೂ ಮಾನಪತ್ರ ಬರೆಯುವಾಗ ಇಂದೂ ಅವರ ಹೆಸರು ನೆನಪಾಗಲಿಲ್ಲವೇ? ಆಗಿತ್ತು. ಬರೆಯಲಿಲ್ಲ, ಅಷ್ಟೇ. ಮೂರನೆಯ ಸಾಲಿನಲ್ಲಿ ಕೂತಿರುವ ಅವರು ‘ಏಕಾಂಗಿಯಾಗಿ’ ಎಂಬ ಮಾತು ಬಂದಾಗಲೂ ಚಪ್ಪಾಳೆ ತಟ್ಟಿದರು. ನನಗೆ ಭಾಳ ನಾಚಿಕೆಯಾಯಿತು.

ಶಾಲಿಗೆ, ಹಾರಕ್ಕೆ, ನಿಮ್ಮ ಪ್ರೀತಿಗೆ ನಾನು ಋಣಿ. ಇಂದೂ ಅವರಿಗೆ ಅದಕ್ಕಿಂತ ಹೆಚ್ಚು ಋಣಿ. ಮಾನಪತ್ರವನ್ನು ಮಾತ್ರ ಈ ಮೇಜಿನ ಮೇಲೇ ಬಿಟ್ಟು ಹೋಗುತ್ತೇನೆ. ಕಾರ್ಯದರ್ಶಿಗಳೇ, ಚೌಕಟ್ಟು ಬಿಚ್ಚಿಸಿ ಆ ಒಂದು ಪದ ಹೊಡೆದುಹಾಕಿ, ಅಲ್ಲಿ ‘ಇಂದೂ ಅವರೊಂದಿಗೆ’ ಎಂದು ಬರೆಯಿರಿ. ಬರೆದದ್ದನ್ನು ಮೊದಲು ಅವರಿಗೆ ತೋರಿಸಿ. ಅವರು ಹೂಂ ಅಂದ ಮೇಲೆ ನನಗೆ ಕೊಡಿ. ನಮಸ್ಕಾರ.