ಬೈಂಡಿಂಗ್‌ಗೆ ಹೋದ ಪುಸ್ತಕ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಸಂಶೋಧನಾ ಕೇಂದ್ರದ ನಿರ್ದೇಶಕರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಹುಡುಗಿಯೊಬ್ಬಳ ಮೌಖಿಕ ಪರೀಕ್ಷೆಯನ್ನೂ ನಡೆಸಲಿರುವ ಹಿರಿಯ ಪ್ರಾಧ್ಯಾಪಕರೇ, ಈಗಷ್ಟೇ ಪ್ರಾಸ್ತಾವಿಕ ಮಾತಾಡಿ ಕೂತ ವಿಭಾಗದ ಮುಖ್ಯಸ್ಥರೇ, ಸಂಶೋಧನಾ ವಿದ್ಯಾರ್ಥಿಗಳೇ, ಬಾಗಿಲ ಪಕ್ಕದಲ್ಲಿ ಕೂತು ನನಗೆ ಸನ್ನೆ ಮಾಡುತ್ತಿರುವ ಗ್ರಂಥಾಲಯದ ಗೆಳತಿಯರೇ, ಮತ್ತು ಸಭಿಕರೇ,

ಮೈಕು ಸರಿಯಾಗಿಯೇ ಇದೆ. ನಾನು ಅದನ್ನು ಬಾಯಿಗೆ ತೀರ ಹತ್ತಿರ ಹಿಡಿದಿದ್ದೇನೆ, ಅದಕ್ಕೇ ಈ ಕರಕರ ಸದ್ದು. ಹದಿನಾಲ್ಕು ವರ್ಷ ಇದೇ ಕಟ್ಟಡದ ಗ್ರಂಥಾಲಯದಲ್ಲಿ ಬೇರೆಯವರಿಗೆ "ಶ್, ಮಾತಾಡಬೇಡಿ" ಎಂದವಳನ್ನು ಇವತ್ತು ಮಾತಾಡಲು ನಿಲ್ಲಿಸಿದ್ದೀರಿ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಹಾಗಾಗಿದೆ ನನ್ನ ಗತಿ.

ಇವತ್ತು ನನಗೆ ಸನ್ಮಾನ ಯಾಕೆ? ಎರಡು ಸಾಫ್ಟ್‌ವೇರ್‌ಗಳನ್ನು ಒಂದಕ್ಕೊಂದು ಜೋಡಿಸಿದ್ದಕ್ಕೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒಂದು, ರೆಫರೆನ್ಸ್ ಮ್ಯಾನೇಜರ್. ಯಾರು ಬರೆದದ್ದು, ಯಾವ ವರ್ಷ, ಯಾವ ಪುಟ, ಎಲ್ಲ ಅದರಲ್ಲಿರುತ್ತದೆ. ಪ್ರಬಂಧದ ಕೊನೆಯ ಗ್ರಂಥಋಣವನ್ನು ಅದೇ ಬರೆದುಕೊಡುತ್ತದೆ. ಇನ್ನೊಂದು, ನೋಟ್ಸ್ ಆ್ಯಪ್. ಓದುವಾಗ ಆರಿಸಿಕೊಂಡ ವಾಕ್ಯ, ಹೊಳೆದ ಯೋಚನೆ ಅದರಲ್ಲಿ. ಇವೆರಡೂ ಮಾತು ಬಿಟ್ಟ ಓರಗಿತ್ತಿಯರ ಹಾಗಿದ್ದವು. ನಾನು ನಡುವೆ ಕೂತು ಮಾತಾಡಿಸಿದೆ. ಈಗ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದು ಪುಸ್ತಕದ ವಿವರ ಸೇರಿಸಿದರೆ ಸಾಕು, ಆರಿಸಿದ ವಾಕ್ಯದ ಸಮೇತ ಅದು ನಲವತ್ತೆರಡು ವಿದ್ಯಾರ್ಥಿಗಳ ನೋಟ್ಸ್‌ಗೆ ಹೋಗಿ ಕೂರುತ್ತದೆ. ನಿರ್ದೇಶಕರು ಖುಷಿಯಾಗಿ, "ಈ ಸಲ ನಿಮ್ಮನ್ನ ಕಾಯಂ ಮಾಡ್ಸೇಬಿಡ್ತೀನಮ್ಮ" ಅಂದರು. ಆ ಆದೇಶಪತ್ರವನ್ನು ಇನ್ನು ಸ್ವಲ್ಪ ಹೊತ್ತಿಗೆ ನನ್ನ ಕೈಗೆ ಕೊಡಲಿದ್ದಾರೆ.

ನಾನು ಬರೆದುಕೊಂಡು ಬಂದದ್ದು ಇಷ್ಟೇ. ವಂದನೆ ಹೇಳಿ ಕೂರಬಹುದಿತ್ತು. ಆದರೆ ಮುಖ್ಯಸ್ಥರು ಈಗ ಒಂದು ವಾಕ್ಯ ಉದ್ಧರಿಸಿದರಲ್ಲ? "ಮನೆಯಲ್ಲಿ ಕೊನೆಗೆ ಉಣ್ಣುವವಳಿಗೆ ಮಾತ್ರ ಗೊತ್ತು, ಪಾತ್ರೆಯಲ್ಲಿ ಎಷ್ಟಿತ್ತು ಎಂಬುದು." ನೀವೆಲ್ಲ ಚಪ್ಪಾಳೆ ತಟ್ಟಿದಿರಿ. "ನಾನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ ಪುಸ್ತಕ" ಎಂದೂ ಅವರು ಹೇಳಿದರು. ಅಯ್ಯೋ, ನನಗೆ ಮಾತ್ರ ಚಪ್ಪಾಳೆ ತಟ್ಟಲು ಆಗಲಿಲ್ಲ.

ಯಾಕೆ ಅನ್ನುತ್ತೀರಾ? ಅದಕ್ಕೆ ನಮ್ಮ ಅತ್ತೆಯ ವಿಷಯ ಹೇಳಬೇಕು. ನಾನು ಮದುವೆಯಾಗಿ ಬಂದ ಹೊಸತು. ಎಲ್ಲರಿಗೂ ಬಡಿಸಿ ಅತ್ತೆ ಸುಮ್ಮನೆ ಕೂತಿರುತ್ತಿದ್ದರು. "ಯಾಕತ್ತೆ, ಊಟ ಬೇಡ್ವಾ?" ಅಂದರೆ, "ಹಸಿವಿಲ್ಲ ಕಣೇ." ಒಂದು ದಿನ ನಾನು ಮುಚ್ಚಳ ತೆಗೆದು ನೋಡಿದೆ. ತಳದಲ್ಲಿ ಒಂದು ತುತ್ತೂ ಇರಲಿಲ್ಲ. "ಹೇಳಬಾರದಾ ಅತ್ತೆ?" ಅಂದೆ. "ಹೇಳೋದೇನು ಬಂತು? ಮನೇಲಿ ಕೊನೆಗೆ ಉಣ್ಣೋಳಿಗೆ ಮಾತ್ರ ಗೊತ್ತು, ಪಾತ್ರೇಲಿ ಎಷ್ಟಿತ್ತು ಅಂತ. ಮುಚ್ಚು ಮುಚ್ಚಳ" ಅಂದರು.

ಈಗ ಕೆಲವರ ಮುಖ ಬದಲಾಗುತ್ತಿದೆ. ಹೌದು. ಜೋಡಣೆ ಕೆಲಸ ಮಾಡುತ್ತದೆಯೇ ಎಂದು ನೋಡಲು ಒಂದು ಸುಳ್ಳು ಪುಸ್ತಕ ಸೇರಿಸಬೇಕಿತ್ತು. 'ಪರೀಕ್ಷೆಗಾಗಿ' ಎಂದು ಬರೆದಿದ್ದರೆ ಮುಗಿಯುತ್ತಿತ್ತು. ನನ್ನ ತಲೆಹರಟೆ ನೋಡಿ! ಪುಸ್ತಕದ ಹೆಸರು 'ಮನೆಯೊಳಗಿನ ಹಸಿವು' ಎಂದು ಹಾಕಿದೆ. ಲೇಖಕಿಯ ಜಾಗದಲ್ಲಿ ಅತ್ತೆಯ ಹೆಸರು, ವರ್ಷದ ಜಾಗದಲ್ಲಿ ನನ್ನ ಮದುವೆಯ ವರ್ಷ, ಪುಟದ ಜಾಗದಲ್ಲಿ ನಮ್ಮ ಮನೆಯ ನಂಬರು, ಪ್ರಕಾಶಕರ ಜಾಗದಲ್ಲಿ ನಮ್ಮ ಬೀದಿಯ ಹಿಟ್ಟಿನ ಗಿರಣಿ. ಆರಿಸಿದ ವಾಕ್ಯ, ಅತ್ತೆ ಹೇಳಿದ್ದೇ. ಜೋಡಣೆ ಕೆಲಸ ಮಾಡಿತು. ಕೂಡಲೇ ಅಳಿಸಿಯೂ ಬಿಟ್ಟೆ. ಆದರೆ ನಾನು ಮಾಡಿದ ಜೋಡಣೆ ಸೇರಿಸಿದ್ದನ್ನು ಒಯ್ಯುತ್ತದೆ, ಅಳಿಸಿದ್ದನ್ನು ಒಯ್ಯುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಹೋಯಿತು, ನಲವತ್ತೆರಡು ಕಡೆ ಉಳಿಯಿತು.

ನನಗೆ ಅದು ತಿಳಿದದ್ದು ಎಂಟು ತಿಂಗಳಾದ ಮೇಲೆ. ನಮ್ಮ ವಿದ್ಯಾರ್ಥಿಯೊಬ್ಬರ ಲೇಖನದಲ್ಲಿ ಹೆಸರು ನೋಡಿ, ಬೇರೊಂದು ಗ್ರಂಥಾಲಯದವರು ಆ ಪುಸ್ತಕ ಎರವಲು ಬೇಕೆಂದು ಪತ್ರ ಬರೆದರು. ನಾನೇನು ಮಾಡಿದೆ? "ಬೈಂಡಿಂಗ್‌ಗೆ ಹೋಗಿದೆ" ಎಂದು ಉತ್ತರಿಸಿದೆ. ಸಿಗದ ಪುಸ್ತಕಗಳೆಲ್ಲ ನಮ್ಮಲ್ಲಿ ಬೈಂಡಿಂಗ್‌ಗೇ ಹೋಗಿರುತ್ತವೆ, ನಿಮಗೂ ಗೊತ್ತು. ಇನ್ನೊಬ್ಬರು ಕೇಳಿದರು. ಅವರಿಗೂ ಬೈಂಡಿಂಗ್. ಮೂರನೆಯವಳು, ಹನ್ನೊಂದು ದಿನದ ಹಿಂದೆ ಬಂದವಳು, ಇವತ್ತು ಪರೀಕ್ಷೆ ಇರುವ ಹುಡುಗಿ.

"ಅಕ್ಕಾ, ಪರೀಕ್ಷಕರು ಮೂಲ ಪುಸ್ತಕ ತೋರ್ಸು ಅಂತಾರಂತೆ. ಒಂದ್ಸಲ ಕೊಡ್ತೀರಾ? ನನ್ನ ನಾಲ್ಕನೇ ಅಧ್ಯಾಯ ಪೂರ್ತಿ ಅದರ ಮೇಲೇ ನಿಂತಿದೆ."

"ನೀನು ಓದಿಲ್ವೇನೇ?"

"ನೋಟ್ಸಲ್ಲಿ ಇತ್ತಲ್ಲ ಅಕ್ಕಾ. ನಮ್ಮ ಲೈಬ್ರರಿಯಿಂದಲೇ ಬಂದಿತ್ತು, ನಂಬಿದೆ."

ಅವಳಿಗೂ ನಾನು "ಬೈಂಡಿಂಗ್‌ಗೆ ಹೋಗಿದೆ ಕಣೇ" ಅಂದೆ.

ಆವತ್ತಿನಿಂದ ಕೌಂಟರಿನ ಫೋನು ಬಡಿದುಕೊಂಡರೆ ಎತ್ತದೆ ಕಪಾಟುಗಳ ಹಿಂದೆ ಹೋಗಿ ನಿಲ್ಲುತ್ತೇನೆ. ಯಾರಾದರೂ "ಒಂದು ಪುಸ್ತಕ..." ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವಳ ಆರು ವರ್ಷ ಹೋಗುತ್ತದೆ. ಇಲ್ಲದ ಪುಸ್ತಕ ಹುಟ್ಟಿಸಿದಳು ಎಂಬ ಕಳಂಕ ಬೇರೆ. ಹನ್ನೊಂದು ದಿನ ಈ ಎರಡನ್ನೂ ತೂಗಿದ್ದೇನೆ. ಹನ್ನೊಂದು ದಿನವೂ ನನ್ನ ಕೆಲಸವನ್ನೇ ಆರಿಸಿಕೊಂಡಿದ್ದೇನೆ. ಇವತ್ತು ಸೀರೆ ಉಟ್ಟು ಈ ಮೆಟ್ಟಿಲು ಹತ್ತುವಾಗಲೂ ಅದನ್ನೇ ಆರಿಸಿಕೊಂಡಿದ್ದೆ. ಆದರೆ ಅವಳು ಮೂರನೇ ಸಾಲಿನಲ್ಲಿ ಪ್ರಬಂಧವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ನನ್ನ ಹೆಸರು ಕರೆದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ.

ಸಭಿಕರೇ, ಆ ಪುಸ್ತಕ ಇಲ್ಲ. ಬೈಂಡಿಂಗ್‌ಗೂ ಹೋಗಿಲ್ಲ, ಎಲ್ಲಿಗೂ ಹೋಗಿಲ್ಲ. ಮುಖ್ಯಸ್ಥರೇ, ಕ್ಷಮಿಸಿ, ನೀವು ಓದಿದ್ದು ಬೇರೆ ಯಾವುದೋ ಇರಬೇಕು. ದಯವಿಟ್ಟು ಯಾರೂ ನಗಬೇಡಿ. ನನಗೆ ಇನ್ನೂ ಹೆದರಿಕೆ ಹೋಗಿಲ್ಲ, ಹೇಳಿದ ಮೇಲೆ ಜಾಸ್ತಿಯೇ ಆಗಿದೆ.

ಪರೀಕ್ಷಕರೇ, ಮೂರು ಗಂಟೆಗೆ ಅವಳನ್ನು ಪ್ರಶ್ನಿಸುವ ಮೊದಲು ನನ್ನನ್ನು ಒಳಗೆ ಕರೆಯಿರಿ. ಓದದೆ ಉದ್ಧರಿಸಿದ್ದು ಅವಳ ತಪ್ಪು, ಪುಸ್ತಕವೇ ಇಲ್ಲದ್ದು ನನ್ನ ತಪ್ಪು. ಎರಡನ್ನೂ ಅವಳ ತಲೆಗೇ ಕಟ್ಟಬೇಡಿ. ನಿರ್ದೇಶಕರೇ, ಆ ಆದೇಶಪತ್ರ ನನಗೆ ಬೇಡ ಎಂದು ದೊಡ್ಡ ಮಾತು ಆಡಲಾರೆ. ಬೇಕು, ತುಂಬ ಬೇಕು. ಕೊಡುವುದೋ ಬಿಡುವುದೋ ನಿಮಗೆ ಸೇರಿದ್ದು.

ಮೂರನೇ ಸಾಲಿನ ಹುಡುಗಿ, ಅಳಬೇಡ ಕಣೇ. ಇನ್ನೂ ಎರಡೂವರೆ ಗಂಟೆ ಇದೆ. ಆ ವಾಕ್ಯವನ್ನು ತೆಗೆಯಬೇಡ, ಅಡಿಟಿಪ್ಪಣಿ ಮಾತ್ರ ತಿದ್ದು. ಹೇಳಿದವರು: ಗ್ರಂಥಾಲಯದ ಸಹಾಯಕಿಯ ಅತ್ತೆ. ಸ್ಥಳ: ಅವರ ಅಡುಗೆಮನೆ. ಪುಟಸಂಖ್ಯೆ ಇಲ್ಲ. ಇದನ್ನು ಒಪ್ಪುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಮೂಲವನ್ನು ನೋಡಲೇಬೇಕು ಎಂದರೆ ಪರೀಕ್ಷಕರು ನಮ್ಮ ಮನೆಗೆ ಬರಲಿ. ಅತ್ತೆ ಇದ್ದಾರೆ. ಈಗಲೂ ಕೊನೆಗೇ ಉಣ್ಣುತ್ತಾರೆ.

ಇಷ್ಟು ಹೊತ್ತು ತಡೆಯದೆ ಕೇಳಿಸಿಕೊಂಡಿರಿ, ಅದಕ್ಕೆ ಎಲ್ಲರಿಗೂ ನನ್ನ ವಂದನೆ. ನಮಸ್ಕಾರ.